ಚಾಕಿಗೆ ಎಳೆ ಸೊಪ್ಪು, ಮೊಲಕ್ಕೆ ಒಣ ಹುಲ್ಲು

ಚನ್ನಪಟ್ಟಣದ ನಮ್ಮ ಬೀದಿಯ ಕೊನೆಯ ಮನೆಗೆ ಕಳೆದ ಕಾರ್ತಿಕದಲ್ಲಿ ಒಂದು ಬಿಳಿ ಮೊಲ ಬಂತು. ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು ಬೆಂಗಳೂರಿನಿಂದ ಬಸ್ಸಿನಲ್ಲಿ ತಂದದ್ದು. ಮನೆಯ ಹುಡುಗಿ ಶಾಲೆಯಿಂದ ಬಂದವಳೇ ಅದರ ಮುಂದೆ ಕೂತು ಕ್ಯಾರೆಟ್, ಬಿಸ್ಕತ್ತು, ಅನ್ನ, ಸೌತೆಕಾಯಿ ಅಂತ ಒಂದೊಂದನ್ನೇ ಇಟ್ಟು ನೋಡುತ್ತಿದ್ದಳು. ಅವಳ ಅಜ್ಜಿ ಬದುಕಿನ ಬಹುಪಾಲು ರೇಷ್ಮೆಹುಳು ಮೇಯಿಸಿದವರು. ಜಗಲಿಯಲ್ಲಿ ಕೂತಲ್ಲಿಂದಲೇ ಅವರು ಕೇಳಿದ್ದು ಒಂದೇ ಮಾತು: ‘ಅದು ಮರಿಯೋ, ಬಲಿತದ್ದೋ? ಮೊದಲು ಅದನ್ನ ತಿಳ್ಕೊ. ಮೇವಿನ ಮಾತು ಆಮೇಲೆ.’

ರೇಷ್ಮೆ ಸೀಮೆಯಲ್ಲಿ ಬಾಳಿದವರಿಗೆ ಈ ಪ್ರಶ್ನೆ ತಾನಾಗಿ ಬಾಯಿಗೆ ಬರುತ್ತದೆ. ಹುಳು ಪೊರೆ ಕಳಚುವ ಹೊತ್ತನ್ನು ಇಲ್ಲಿ ಜ್ವರ ಎನ್ನುತ್ತಾರೆ. ಮೊಟ್ಟೆಯೊಡೆದ ಹುಳು ಎರಡನೇ ಜ್ವರ ಏಳುವವರೆಗೆ ಚಾಕಿ. ಅದಕ್ಕೆ ಗಿಡದ ನೆತ್ತಿಯ ಎಳೆ ಎಲೆಯನ್ನೇ ಆಯ್ದು, ಸಣ್ಣಗೆ ಹೆಚ್ಚಿ ಉದುರಿಸಬೇಕು. ಅದೇ ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಬಲಿತ ಎಲೆಯನ್ನು ಕಡ್ಡಿ ಸಮೇತ ಹಾಕಿದರೂ ರಾತ್ರಿಯಿಡೀ ಮಳೆ ಬಿದ್ದ ಸದ್ದಿನಲ್ಲಿ ಮೇಯುತ್ತದೆ. ಆಗ ನೀರು ತುಂಬಿದ ಎಳೆ ಸೊಪ್ಪು ಹಾಕಿದವರು ಸಪ್ಪೆ ರೋಗ ಕಂಡು ಕಣ್ಣೀರು ಹಾಕುತ್ತಾರೆ. ಗಿಡ ಒಂದೇ, ಹುಳುವೂ ಒಂದೇ. ವಯಸ್ಸು ಬದಲಾದಂತೆ ಎಲೆ ಬದಲಾಗಬೇಕು. ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಹೊತ್ತು ಹೋದ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಆದರೆ ಅದೇ ಮನೆಗಳಿಗೆ ಈಗ ಮೊಲ ಬರುತ್ತಿದೆ, ಮೊಲಕ್ಕೆ ಹಾಕುವ ಹುಲ್ಲನ್ನು ಮಾತ್ರ ಯಾರೂ ಆ ಕಣ್ಣಿನಿಂದ ನೋಡುತ್ತಿಲ್ಲ. ಇವತ್ತಿನ ಮಾತು ಅದರ ಬಗ್ಗೆ.

ನಮ್ಮ ಮನೆಯಲ್ಲೂ ಹಿಂದೊಂದು ಮೊಲವಿತ್ತು. ಬ್ರೆಡ್ಡು, ಕ್ಯಾರೆಟ್ಟು, ನೆನೆಸಿದ ಕಡಲೆ ಹಾಕಿ ಮುದ್ದಿನಿಂದಲೇ ಸಾಕಿದೆವು. ಹುಲ್ಲು ದನದ ಮೇವು, ಮುದ್ದಿನ ಪ್ರಾಣಿಗೆ ಅದೇಕೆ ಅನ್ನುವ ಭಾವನೆ. ಒಂದು ಸಂಜೆ ಅದು ತಿನ್ನುವುದನ್ನು ಬಿಟ್ಟು ಮೂಲೆಯಲ್ಲಿ ಮುದುಡಿ ಕೂತಿತು. ನಾಳೆ ಬೆಳಿಗ್ಗೆ ನೋಡೋಣ ಎಂದುಕೊಂಡೆವು. ಬೆಳಿಗ್ಗೆ ನೋಡಲು ಅದು ಇರಲಿಲ್ಲ. ಆ ರಾತ್ರಿ ನನಗೆ ಗೊತ್ತಿಲ್ಲದೇ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊಲ ಅಂದರೆ ಕ್ಯಾರೆಟ್ ಎಂಬ ಚಿತ್ರ ಮಕ್ಕಳ ಪುಸ್ತಕದಿಂದ, ಕಾರ್ಟೂನಿನಿಂದ ಬಂದು ಮನಸ್ಸಿನಲ್ಲಿ ಕೂತುಬಿಟ್ಟಿದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಾಗೆ ಆ ಚಿತ್ರವನ್ನು ಬಿಡಲು ಯಾರೂ ಒಪ್ಪುವುದಿಲ್ಲ. ಮೊಲ ಹುಟ್ಟಾ ಹುಲ್ಲು ಮೇಯುವ ಜೀವ. ಸಾಕಿದ ಮೊಲದ ದಿನದ ಆಹಾರದಲ್ಲಿ ನೂರಕ್ಕೆ ಎಂಬತ್ತು ಪಾಲಾದರೂ ಹುಲ್ಲಿರಬೇಕು. ಸೊಪ್ಪು ಒಂದು ಹಿಡಿ, ಅಂಗಡಿಯ ಗುಳಿಗೆ ಮೇವು ಒಂದೆರಡು ಚಮಚ. ಕ್ಯಾರೆಟ್ಟು ಹಬ್ಬದ ಹೋಳಿಗೆಯಂತೆ, ಅಪರೂಪಕ್ಕೆ ಒಂದು ಬಿಲ್ಲೆ.

ಹುಲ್ಲೇ ಬೇಕು ಎನ್ನಲು ಮೊದಲ ಕಾರಣ ಹಲ್ಲು. ಮೊಲಕ್ಕೆ 28 ಹಲ್ಲು, ಅಷ್ಟೂ ಬದುಕಿರುವ ತನಕ ಬೆಳೆಯುತ್ತಲೇ ಇರುತ್ತವೆ. ಮುಂಬಾಚಿ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಹುಲ್ಲಿನ ಕಡ್ಡಿಯನ್ನು ದವಡೆ ಅಡ್ಡಡ್ಡ ಆಡಿಸುತ್ತ ಅರೆಯುವಾಗ ಮೇಲಿನ ಹಲ್ಲು ಕೆಳಗಿನದನ್ನು ಸವೆಸುತ್ತದೆ, ಕೆಳಗಿನದು ಮೇಲಿನದನ್ನು. ರಾಗಿಕಲ್ಲು ತಿರುಗಿದ ಹಾಗೆ. ಗುಳಿಗೆ ಮೇವು, ಬ್ರೆಡ್ಡು ಬಾಯಿಗಿಟ್ಟರೆ ಎರಡು ಜಗಿತಕ್ಕೆ ಕರಗುತ್ತವೆ, ಕಲ್ಲು ತಿರುಗುವುದೇ ಇಲ್ಲ. ಆಗ ಒಳಗಿನ ದವಡೆ ಹಲ್ಲು ಓರೆಯಾಗಿ ಬೆಳೆದು ಮೊನೆ ಬಂದು ನಾಲಗೆಯನ್ನೋ ಕೆನ್ನೆಯನ್ನೋ ಕುಯ್ಯುತ್ತದೆ. ಹಸಿವಿದ್ದರೂ ತಿನ್ನಲಾಗದೆ ಜೊಲ್ಲು ಸುರಿಸುತ್ತ ಕೂತ ಮೊಲವನ್ನು ಕಂಡವರು ಇದನ್ನು ಮರೆಯಲಾರರು.

ಎರಡನೆಯದು ಹೊಟ್ಟೆ. ಇಲ್ಲಿ ದನ ಕಟ್ಟಿದವರ ತಿಳಿವಳಿಕೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಹಸುವಿಗೆ ಹುಲ್ಲು ಹುಳಿಯುವ ಚೀಲ ಮೊದಲಲ್ಲೇ ಇದೆ. ಅದು ನುಂಗಿದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ, ಆದ್ದರಿಂದ ಬರೀ ಒಣಹುಲ್ಲಿನಿಂದಲೂ ಸತ್ವ ಹಿಂಡಿಕೊಳ್ಳುತ್ತದೆ. ಮೊಲದ ಹೊಟ್ಟೆ ಕುದುರೆಯ ಹೊಟ್ಟೆಗೆ ಹತ್ತಿರ. ಮಾಗಡಿಯ ಆಚೆ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರೆಂದು ಹೆಸರಾದ ಕುಣಿಗಲ್ಲಿನ ಕಡೆಯವರನ್ನು ಕೇಳಿದರೆ ಕುದುರೆಗೆ ದನದ ಹುಲ್ಲು ಸಾಲದು ಎನ್ನುತ್ತಾರೆ. ಎರಡಕ್ಕೂ ಹುಳಿಯುವ ಚೀಲ ಹಿಂದೆ, ಸಣ್ಣ ಕರುಳು ಮುಗಿದ ಮೇಲೆ. ಮೊಲದಲ್ಲಿ ಆ ಚೀಲ ಹೊಟ್ಟೆಯೊಳಗಿನ ಎಲ್ಲ ಅಂಗಗಳಿಗಿಂತ ದೊಡ್ಡದು. ನಾರಿನ ದಪ್ಪ ಚೂರುಗಳು ಅದನ್ನು ಹೊಗದೆ ಗಟ್ಟಿ ಹಿಕ್ಕೆಯಾಗಿ ಹೊರಬೀಳುತ್ತವೆ. ನುಣುಪಾದ ಭಾಗ ಒಳಹೊಕ್ಕು ಹುಳಿತು, ದ್ರಾಕ್ಷಿ ಗೊಂಚಲಿನಂಥ ಮೆತ್ತನೆಯ ಇನ್ನೊಂದು ಬಗೆಯ ಹಿಕ್ಕೆಯಾಗುತ್ತದೆ. ಪ್ರೊಟೀನು, ಬಿ ವಿಟಮಿನ್ನುಗಳು ತುಂಬಿದ ಅದನ್ನು ಮೊಲ ರಾತ್ರಿಯೋ ಬೆಳಗಿನ ಜಾವವೋ ನೇರ ಬಾಯಿ ಹಾಕಿ ತಿಂದುಬಿಡುತ್ತದೆ. ಅದನ್ನು ಕಂಡು ಅಸಹ್ಯಪಟ್ಟು ತಡೆಯುವವರಿದ್ದಾರೆ. ಅದು ಮೊಲದ ಮೆಲುಕು. ತಡೆಯಬಾರದು.

ಈ ಇಡೀ ಯಂತ್ರವನ್ನು ಮುಂದಕ್ಕೆ ದಬ್ಬುವುದು ಹುಲ್ಲಿನ ಉದ್ದ ನಾರು. ನಾರು ಕಡಿಮೆಯಾಗಿ ಹಿಟ್ಟು, ಸಕ್ಕರೆ ಹೆಚ್ಚಾದರೆ ಹಿಂದಿನ ಚೀಲದ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಕೆಟ್ಟವು ಬೆಳೆಯುತ್ತವೆ, ಗಾಳಿ ತುಂಬುತ್ತದೆ, ಕರುಳು ನಿಲ್ಲುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದಕ್ಕೆ ಹಿಂದಿನ ದಾರಿ ಒಂದೇ. ಅದಕ್ಕಾಗಿ ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಕೂತ ಮೊಲವನ್ನು ನಾಳೆ ನೋಡೋಣ ಎನ್ನಬಾರದು. ಅದೇ ಹೊತ್ತಿನಲ್ಲಿ ಪಶುವೈದ್ಯರ ಬಳಿಗೆ ಒಯ್ಯಬೇಕು.

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಮೊಲದ ಮರಿ ಸುಮಾರು 10 ದಿನಕ್ಕೆ ಕಣ್ಣು ಬಿಡುತ್ತದೆ, ಮೂರನೇ ವಾರಕ್ಕೆ ಹುಲ್ಲಿಗೆ ಬಾಯಿ ಹಾಕಲು ಕಲಿಯುತ್ತದೆ. ಮೂಳೆ, ಮಾಂಸ ಕಟ್ಟುವ ಆ ವಯಸ್ಸಿಗೆ ಕುದುರೆ ಮೆಂತೆ ಒಳ್ಳೆಯದು. ಪೇಟೆಯಲ್ಲಿ ಲೂಸರ್ನ್ ಎಂದೂ ಆಲ್ಫಾಲ್ಫಾ ಎಂದೂ ಮಾರುವುದು ಇದನ್ನೇ. ಇದು ಹುಲ್ಲಿನ ಜಾತಿಯಲ್ಲ, ಅವರೆ ಹುರುಳಿಗಳ ಕುಲದ್ದು. ಒಣಗಿಸಿದ ಕುದುರೆ ಮೆಂತೆಯಲ್ಲಿ ಪ್ರೊಟೀನು ನೂರಕ್ಕೆ 15ರಿಂದ 20, ಸುಣ್ಣದಂಶ ಹುಲ್ಲಿನದರ ಎರಡು ಪಟ್ಟಿಗೂ ಹೆಚ್ಚು. ಮರಿಗೆ, ಬಸುರಿ ಮೊಲಕ್ಕೆ, ಹಾಲೂಡುವ ತಾಯಿಗೆ ಇದು ಚಾಕಿಯ ಎಳೆ ಸೊಪ್ಪಿದ್ದಂತೆ. ಆದರೆ ಆರು ತಿಂಗಳು ದಾಟಿದ ಮೊಲಕ್ಕೆ ಅದನ್ನೇ ಹೊಟ್ಟೆ ತುಂಬ ಹಾಕಿದರೆ ಕೊಬ್ಬು ಏರುತ್ತದೆ. ಜೊತೆಗೆ ಮೊಲದ ದೇಹ ಆಹಾರದ ಸುಣ್ಣವನ್ನು ಬೇಕಾದಷ್ಟೇ ಹೀರಿ ಉಳಿದದ್ದನ್ನು ಬಿಡುವಂಥದ್ದಲ್ಲ. ಹೆಚ್ಚುಕಡಿಮೆ ಎಲ್ಲವನ್ನೂ ರಕ್ತಕ್ಕೆ ತೆಗೆದುಕೊಂಡು, ಮಿಕ್ಕದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಮೊಲದ ಮೂತ್ರ ಸುಣ್ಣದ ತಿಳಿಯಂತೆ ಕಾಣುವುದು ಇದರಿಂದಲೇ. ಅತಿಯಾದರೆ ಮೂತ್ರಚೀಲದಲ್ಲಿ ಕೆಸರು ಕಟ್ಟುತ್ತದೆ, ಕಲ್ಲಾಗುತ್ತದೆ. ಆರೇಳು ತಿಂಗಳಾಗುವಷ್ಟರಲ್ಲಿ ಕುದುರೆ ಮೆಂತೆ ಕಡಿಮೆ ಮಾಡುತ್ತ ಹುಲ್ಲಿಗೆ ತರಬೇಕು. ಎಂಟು ಹತ್ತು ವರ್ಷ ಬದುಕುವ ಮೊಲಕ್ಕೆ ಉಳಿದ ಆಯಸ್ಸೆಲ್ಲ ಹುಲ್ಲೇ ಗತಿ.

ಯಾವ ಹುಲ್ಲು? ಬೆಂಗಳೂರಿನ ಅಂಗಡಿಯವರೂ ಮೊಬೈಲಿನಲ್ಲಿ ತರಿಸುವ ಅಂಗಡಿಯೂ ಹೇಳುವುದು ತಿಮೊಥಿ. ಒಳ್ಳೆಯ ಹುಲ್ಲೇ ಅದು, ತಕರಾರಿಲ್ಲ. ಚಳಿ ದೇಶದ ಬೆಳೆ. 18ನೇ ಶತಮಾನದಲ್ಲಿ ಅಮೆರಿಕದಲ್ಲಿ ಅದನ್ನು ಹರಡಿದ ತಿಮೊಥಿ ಹ್ಯಾನ್ಸನ್ ಎಂಬ ರೈತನ ಹೆಸರೇ ಹುಲ್ಲಿಗೂ ಉಳಿಯಿತು. ನಾರು, ಪ್ರೊಟೀನು, ಸುಣ್ಣ ಮೂರೂ ಬಲಿತ ಮೊಲಕ್ಕೆ ಹದವಾಗಿವೆ. ಮೊದಲ ಕೊಯ್ಲಿನದು ಕಡ್ಡಿ ಹೆಚ್ಚಿ ಒರಟು, ಎರಡನೆಯದು ಎಲೆ ಕಡ್ಡಿ ಸಮ, ಮೂರನೆಯದು ಮೆತ್ತಗೆ, ಎಲೆಯೇ ಜಾಸ್ತಿ. ಕೊಳ್ಳುವವರು ಎರಡನೆಯದನ್ನು ಕೊಂಡರೆ ತಪ್ಪಾಗದು. ನನ್ನ ಸಂಕಟ ಬೇರೆ. ಕನಕಪುರದ, ಮಾಗಡಿಯ ಹಳ್ಳಿಯಲ್ಲಿ ಕೂತು ಕಡಲಾಚೆಯ ಹುಲ್ಲಿನ ಪೊಟ್ಟಣಕ್ಕೆ ಕಾಯುವ ಮನೆಗಳಲ್ಲಿ, ದುಡ್ಡು ಹೊಂದದ ತಿಂಗಳು ಮೊಲಕ್ಕೆ ಹುಲ್ಲೇ ಇಲ್ಲದೆ ಬರೀ ಗುಳಿಗೆ ಮೇವು ಬೀಳುತ್ತದೆ. ಹಿತ್ತಿಲ ಬದುವಿನ ತುಂಬ ಗರಿಕೆ ಇದ್ದೂ ಹೀಗಾಗುತ್ತದೆ.

ಗರಿಕೆಯ ಬೆಲೆ ನಮಗೆ ಗಣೇಶನ ಹಬ್ಬದ ದಿನ ಮಾತ್ರ ಗೊತ್ತು. ಉಳಿದ ದಿನ ಅದು ಕಿತ್ತಷ್ಟೂ ಚಿಗುರುವ ಕಳೆ. ಹೊರದೇಶದಲ್ಲಿ ಬರ್ಮುಡಾ ಹುಲ್ಲು ಎಂದು ಒಣಗಿಸಿ ಪೆಂಡಿ ಕಟ್ಟಿ ಕುದುರೆಗೂ ಮೊಲಕ್ಕೂ ಮಾರುವುದು ಇದೇ ಗರಿಕೆಯನ್ನು. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಹೆಸರು ಒಂದೇ, ಸೈನೊಡಾನ್ ಡ್ಯಾಕ್ಟಿಲಾನ್. ಸಣ್ಣ ಎಲೆ, ತೆಳು ಕಡ್ಡಿ, ಬೇಗ ಒಣಗುತ್ತದೆ, ಒಣಗಿದ ಮೇಲೂ ಹಸಿರು ಉಳಿಸಿಕೊಳ್ಳುತ್ತದೆ. ನಮ್ಮ ಸೀಮೆಯ ಸಾಕುಮೊಲಕ್ಕೆ ಇದಕ್ಕಿಂತ ಸುಲಭವಾಗಿ ಸಿಗುವ ಸರಿಯಾದ ಹುಲ್ಲು ಇನ್ನೊಂದಿಲ್ಲವೆಂದೇ ನನ್ನ ತೀರ್ಮಾನ.

ಹಾಲಿನ ಹಸುವಿಗೆಂದು ಮೇವು ಬೆಳೆದವರ ಹೊಲದಲ್ಲಿ ಇನ್ನೂ ಕೆಲವು ಸಿಗುತ್ತವೆ. ರೋಡ್ಸ್ ಹುಲ್ಲು ಇದ್ದರೆ ಬಹಳ ಒಳ್ಳೆಯದು, ಒಣಗಿಸಲೆಂದೇ ಹುಟ್ಟಿದ ಹಾಗಿದೆ ಅದರ ತೆಳು ಕಡ್ಡಿ. ಓಟ್ಸ್ ಮೇವನ್ನು ಕಾಳು ಬಲಿಯುವ ಮುನ್ನ ಕೊಯ್ದು ಒಣಗಿಸಿದರೆ ಮೊಲ ಬಿಡದೆ ತಿನ್ನುತ್ತದೆ. ಗಿನಿ ಹುಲ್ಲನ್ನು ಎಳೆಯದಾಗಿ ಕೊಯ್ದರೆ ಆದೀತು. ಎಲ್ಲರ ಹೊಲದಲ್ಲೂ ಇರುವ ನೇಪಿಯರ್ ಮಾತ್ರ ಮೊಲಕ್ಕೆ ಅಷ್ಟು ಹೊಂದದು. ಕಬ್ಬಿನಂಥ ಕಾಂಡ ಒಳಗೆ ಒಣಗುವುದಿಲ್ಲ, ಆಕ್ಸಲೇಟ್ ಅಂಶವೂ ಹೆಚ್ಚು. ಹಸಿ ಎಲೆ ಒಂದೆರಡು ಹಾಕಿ, ಅದನ್ನೇ ನಂಬಬೇಡಿ. ಜೋಳದ ಎಳೆ ಪೈರು ಬೇಡವೇ ಬೇಡ, ದನವನ್ನೇ ಕೊಲ್ಲುವ ವಿಷ ಅದರಲ್ಲಿದೆ. ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹಿತ್ತಿಲಲ್ಲಿ ನಾಲ್ಕು ಅಡಿ ಜಾಗ ಇರುವವರು ಅಲ್ಲಿ ಹೋಗಿ ಮೇವಿನ ಹುಲ್ಲುಗಳ ಬಗ್ಗೆ ಕೇಳಬಹುದು, ಹಸುವಿನ ಮಾತಷ್ಟೇ ಅಲ್ಲ, ಮೊಲದ ಮಾತನ್ನೂ.

ಇನ್ನು ರಾಗಿ ಹುಲ್ಲು. ಇದರ ಬಗ್ಗೆ ನಿಧಾನವಾಗಿ ಮಾತಾಡಬೇಕು, ಏಕೆಂದರೆ ನಮ್ಮ ಸೀಮೆಯಲ್ಲಿ ಹುಲ್ಲು ಅಂದರೆ ರಾಗಿ ಹುಲ್ಲೇ. ಕಾರ್ತಿಕ ಮಾರ್ಗಶಿರದಲ್ಲಿ ಮಾಗಡಿ ದಾರಿಯಲ್ಲಿ ಹೋದರೆ ಸಾವನದುರ್ಗದ ಬಂಡೆಯ ನೆರಳಿನಲ್ಲಿ ಒಂದಾದ ಮೇಲೊಂದು ಬಣವೆ ಏಳುತ್ತಿರುತ್ತವೆ. ಚೆನ್ನಾಗಿ ಒಟ್ಟಿದ ರಾಗಿ ಹುಲ್ಲಿನ ಬಣವೆಯನ್ನು ಮನೆಯ ಮರ್ಯಾದೆ ಎಂದೇ ನಮ್ಮ ಹಿರಿಯರು ತಿಳಿದರು. ಬೀದಿ ಕೊನೆಯ ಆ ಹುಡುಗಿಯ ಮನೆಯಲ್ಲೂ ಕೇಳಿದರು, ನಮ್ಮ ಬಣವೆಯಿಂದಲೇ ಹಿರಿದು ಹಾಕಿದರೆ ಆಗದೇ ಎಂದು. ಹಾಕಬಹುದು, ಆದರೆ ಅದೊಂದನ್ನೇ ಹಾಕಿದರೆ ಸಾಲದು. ಕಾಳು ಬಲಿತ ಮೇಲೆ ಕೊಯ್ದ ಪೈರು ತನ್ನ ಸತ್ವವನ್ನೆಲ್ಲ ತೆನೆಗೆ ಕೊಟ್ಟು ನಿಂತಿರುತ್ತದೆ. ಕಡ್ಡಿಯಲ್ಲಿ ನಾರು ಉಳಿಯುತ್ತದೆ, ಪ್ರೊಟೀನು ಬಹಳ ಕಡಿಮೆ. ಹಸು ಹುಳಿಯಿಸಿ ಮೆಲುಕು ಹಾಕಿ ಅದರಲ್ಲೇ ಬದುಕನ್ನು ಹಿಂಡಿಕೊಳ್ಳುತ್ತದೆ, ಮೊಲಕ್ಕೆ ಆ ಶಕ್ತಿಯಿಲ್ಲ. ಗೂಡಿನಲ್ಲಿ ಹಾಸಿಗೆಯಾಗಿ ಹರಡಲು, ಹಲ್ಲಿಗೆ ಕೆಲಸ ಕೊಡಲು, ಹಸಿರು ಹುಲ್ಲಿನ ಜೊತೆ ಒಂದು ಹಿಡಿ ಬೆರೆಸಲು ರಾಗಿ ಹುಲ್ಲು ಬಂಗಾರ. ದಿನದ ಊಟಕ್ಕೆ ಗರಿಕೆಯೋ ರೋಡ್ಸೋ ಇರಲೇಬೇಕು. ಭತ್ತದ ಹುಲ್ಲು ಇನ್ನೂ ಕೆಳಗಿನದು. ಮರಳಿನಂಥ ಸಿಲಿಕಾ ತುಂಬಿದ ಒರಟು ಹುಲ್ಲು, ಹಾಸಿಗೆಗೆ ಮಾತ್ರ ಇರಲಿ. ಅವರೆ, ಹುರುಳಿಯ ಹೊಟ್ಟು ಕುದುರೆ ಮೆಂತೆಯ ಕುಲದವೇ ಆದ್ದರಿಂದ ಬಲಿತ ಮೊಲಕ್ಕೆ ವಾರಕ್ಕೊಮ್ಮೆ ಒಂದು ಚಿಟಿಕೆ, ಅದೂ ಧೂಳು ಕೊಡವಿ.

ಹೆಸರು ತಿಳಿದರೆ ಅರ್ಧ ಕೆಲಸ. ಉಳಿದರ್ಧ ಕೈಯಲ್ಲಿ, ಮೂಗಿನಲ್ಲಿ ಇದೆ. ರಾಮನಗರ ಚನ್ನಪಟ್ಟಣದ ನಡುವೆ ಕೆಂಗಲ್ ಆಂಜನೇಯನ ಸನ್ನಿಧಿಯಲ್ಲಿ ಸಂಕ್ರಾಂತಿಯ ಸುಮಾರಿಗೆ ದನಗಳ ಜಾತ್ರೆ ಸೇರುತ್ತದೆ. ಅಲ್ಲಿ ಹಳ್ಳಿಕಾರ್ ಜೋಡಿ ಕಟ್ಟಿದವರು ಹುಲ್ಲು ಕೊಳ್ಳುವುದನ್ನು ನಿಂತು ನೋಡಿ. ಹೊರೆಯ ಹೊರಗಿನ ಹುಲ್ಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊಣಕೈವರೆಗೆ ಒಳಗೆ ಕೈ ತೂರಿಸಿ ನಡುವಿನಿಂದ ಒಂದು ಹಿಡಿ ಹಿರಿಯುತ್ತಾರೆ. ಒಳಗೆ ಬೆಚ್ಚಗಿದ್ದರೆ ಅಲ್ಲಿಗೇ ಬಿಡುತ್ತಾರೆ, ಹಸಿ ಇದ್ದಾಗಲೇ ಕಟ್ಟಿದ ಹುಲ್ಲು ಒಳಗೊಳಗೇ ಬೇಯುತ್ತಿದೆ ಎಂದರ್ಥ. ಹಿಡಿದದ್ದನ್ನು ಮೂಗಿಗೆ ತರುತ್ತಾರೆ. ಒಳ್ಳೆಯ ಹುಲ್ಲಿಗೆ ಬಿಸಿಲಿಗೆ ಒಣಗಿದ ಬಯಲಿನ ಕಮ್ಮನೆಯ ವಾಸನೆ ಇರುತ್ತದೆ. ಮುಗ್ಗಲು ವಾಸನೆ ಬಂದರೆ ಮಾತು ಮುಗಿಯಿತು. ಆಮೇಲೆ ಬೆಳಕಿಗೆ ಹಿಡಿದು ಕೊಡವುತ್ತಾರೆ. ಬಿಳಿ ಬೂದಿ ಹಾರಿದರೆ ಅದು ಧೂಳಲ್ಲ, ಬೂಷ್ಟು.

ಮೊಲದ ಹುಲ್ಲನ್ನೂ ಹೀಗೇ ಆರಿಸಬೇಕು, ದನಕ್ಕಿಂತ ಒಂದು ಕೈ ಮುಂದಾಗಿ. ಮೊಲ ಇಡೀ ದಿನ ಹುಲ್ಲಿನೊಳಗೇ ಮೂಗು ಹುದುಗಿಸಿ ಕೂತಿರುತ್ತದೆ, ಧೂಳೂ ಬೂಷ್ಟೂ ನೇರ ಉಸಿರಿಗೆ ಹೋಗುತ್ತವೆ. ಸೀನುತ್ತಿದ್ದರೆ, ಮೂಗು ಒದ್ದೆಯಾಗಿದ್ದರೆ ಮೊದಲು ಹುಲ್ಲನ್ನು ನೋಡಿ. ಬಣ್ಣ ತಿಳಿಹಸಿರಾಗಿರಲಿ. ಹಳದಿಗೆ ತಿರುಗಿದ್ದು ಬಿಸಿಲಲ್ಲಿ ಬಹಳ ದಿನ ಬಿದ್ದದ್ದು, ಎ ವಿಟಮಿನ್ನಿನ ಮೂಲವಾದ ಕ್ಯಾರೊಟಿನ್ ಕಳೆದುಕೊಂಡದ್ದು. ಕಂದು, ಕಪ್ಪು ಮಚ್ಚೆ ಕಂಡರೆ ಹತ್ತಿರ ತರಬೇಡಿ. ಕಡ್ಡಿಯ ಜೊತೆ ಎಲೆಯೂ ಇರಬೇಕು. ಹೂ ಬಿಡುವ ಹೊತ್ತಿಗೆ ಕೊಯ್ದ ಹುಲ್ಲೇ ಶ್ರೇಷ್ಠ, ಬೀಜ ಉದುರಿದ ಮೇಲಿನದು ಬರೀ ಕಟ್ಟಿಗೆ. ಕಾಂಗ್ರೆಸ್ ಗಿಡದ ಚೂರು, ಎಕ್ಕದ ಎಲೆ, ಲಂಟಾನದ ಕಡ್ಡಿ ಸೇರಿದೆಯೇ ಎಂದು ಬಿಡಿಸಿ ನೋಡಿ. 2021ರ ನವೆಂಬರಿನಲ್ಲಿ ಕೊಯ್ಲಿನ ಹೊತ್ತಿಗೇ ಮಳೆ ಬಿಡದೆ ಹಿಡಿದು ಈ ಕಡೆಯ ರಾಗಿ ಹೊಲದಲ್ಲೇ ಮಲಗಿತ್ತಲ್ಲ, ಅಂಥ ವರ್ಷದ ಹುಲ್ಲನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಮೊಲಕ್ಕೆ ತರಬಾರದು.

ಹುಲ್ಲು ಎಲ್ಲಿ ಬೆಳೆಯಿತು ಎಂಬುದೂ ಅಷ್ಟೇ ಮುಖ್ಯ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ಹೊತ್ತು ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬರುತ್ತದೆ. ಅಲ್ಲಿಂದ ಮುಂದೆ ಹಾಯುವ ಹೊಲಗಳಲ್ಲಿ ಹುಲ್ಲು ಎದೆಯುದ್ದ ಬೆಳೆಯುತ್ತದೆ, ಕಣ್ಣಿಗೆ ಸೊಗಸು. ಆ ನೀರು ಕುಡಿದ ಮೇವಿನಲ್ಲಿ, ಆ ಮೇವು ತಿಂದ ಹಸುಗಳ ಹಾಲಿನಲ್ಲಿ ಭಾರ ಲೋಹಗಳಿರುವುದನ್ನು ಸಂಶೋಧಕರು ಕಂಡಿದ್ದಾರೆ. ಎರಡು ಕಿಲೋ ತೂಗುವ ಜೀವಕ್ಕೆ ಅಂಥ ಹುಲ್ಲು ಬೇಡ. ಹೆದ್ದಾರಿಯ ಅಂಚಿನದು, ನಾಯಿಗಳು ಓಡಾಡುವ ಖಾಲಿ ಸೈಟಿನದು, ಕಳೆನಾಶಕ ಹೊಡೆದ ಬದುವಿನದು ಕೂಡ ಬೇಡ.

ಹಿಪ್ಪುನೇರಳೆಯ ವಿಷಯ ಹೇಳದೆ ರಾಮನಗರದ ಮೊಲದ ಬಗ್ಗೆ ಬರೆದು ಮುಗಿಸಲಾಗದು. ಚನ್ನಪಟ್ಟಣದ ಕಣ್ವದ ಹೆಸರನ್ನೇ ಹೊತ್ತ ಕಣ್ವ-2 ತಳಿಯಾಗಲಿ, ಈಗಿನ ವಿ-1 ಆಗಲಿ, ಸೊಪ್ಪನ್ನು ಕಂಡರೆ ಮೊಲ ಕುಣಿಯುತ್ತದೆ. ಪ್ರೊಟೀನು, ಸುಣ್ಣ ಎರಡೂ ತುಂಬಿದ ಸೊಪ್ಪು. ಮರಿಗೂ ತಾಯಿಗೂ ಧಾರಾಳವಾಗಿ, ಬಲಿತದ್ದಕ್ಕೆ ದಿನಕ್ಕೆ ನಾಲ್ಕೆಂಟು ಎಲೆ ಸಾಕು. ಕಡಿಯಲು ಕಡ್ಡಿಯನ್ನೂ ಕೊಡಿ. ಚನ್ನಪಟ್ಟಣದ ಬೊಂಬೆ ಮಕ್ಕಳಿಗಿರಲಿ, ಮೊಲದ ಹಲ್ಲಿಗೆ ಹಿಪ್ಪುನೇರಳೆ ಕಡ್ಡಿ ಇರಲಿ. ಆದರೆ ಹುಳು ತಿಂದುಳಿದ ಕಡ್ಡಿಯನ್ನು ಮನೆಯ ಮುಂದಿನ ರಾಶಿಯಿಂದ ಎತ್ತಿ ತರಬೇಡಿ. ಜ್ವರಕ್ಕೆ ಕೂರುವಾಗ ಸುಣ್ಣದ ಪುಡಿ, ಎದ್ದ ಮೇಲೆ ರೋಗ ತಡೆಯುವ ವಿಜೇತ ಪುಡಿ ಎಂದು ಹುಳುವಿನ ಹಾಸಿಗೆಯ ಮೇಲೆ ಏನೇನೋ ಉದುರಿಸಿರುತ್ತಾರೆ. ತೋಟದಿಂದಲೇ ನೇರ ಕೊಯ್ದು ತನ್ನಿ. ಔಷಧಿ ಹೊಡೆದ ತೋಟದ ಸೊಪ್ಪನ್ನು ವಾಯಿದೆ ಮುಗಿಯದೆ ಹುಳುವಿಗೆ ಹಾಕುವುದಿಲ್ಲ ಅಲ್ಲವೇ? ಹುಳುವಿಗೆ ಹಾಕಲಾಗದ ಸೊಪ್ಪು ಮೊಲಕ್ಕೂ ಆಗದು. ಈ ಒಂದು ನಿಯಮವನ್ನು ಪಾಲಿಸಿದರೆ ನಮ್ಮ ಕಡೆಯ ಅರ್ಧ ಮೊಲಗಳು ಉಳಿದಾವು.

ಇನ್ನು ಒಣಗಿಸುವ ಮಾತು. ಹುಡುಗಿಯ ಮನೆಯಲ್ಲಿ ಗರಿಕೆ ಒಣಗಿಸಿದ್ದು ಹೀಗೆ. ಮಳೆ ನಿಂತು ಎರಡು ಮೂರು ದಿನವಾದ ಮೇಲೆ, ಇಬ್ಬನಿ ಆರಿದ ಹೊತ್ತಿನಲ್ಲಿ, ಸ್ವಂತ ಹೊಲದ ಬದುವಿನಿಂದ ಬೇರು ಬಿಟ್ಟು ಮೇಲಿನದನ್ನಷ್ಟೇ ಕುಡುಗೋಲಿನಲ್ಲಿ ಕೊಯ್ದರು. ಮೊದಲ ದಿನ ಅರ್ಧ ಹೊತ್ತು ಬಿಸಿಲು, ಆಮೇಲೆ ಗಾಳಿಯಾಡುವ ಚಪ್ಪರದ ನೆರಳು. ತೆಳುವಾಗಿ ಹರಡಿ ದಿನಕ್ಕೆ ಎರಡು ಮೂರು ಸಲ ಮಗುಚಿದರು, ಮಗುಚದೆ ಬಿಟ್ಟರೆ ಅಡಿಯದು ಕೊಳೆಯುತ್ತದೆ. ನಾಲ್ಕನೇ ದಿನಕ್ಕೆ ಒಂದು ಹಿಡಿ ತಿರುಚಿದರೆ ಕಡ್ಡಿ ಪಟಕ್ಕೆಂದು ಮುರಿಯಿತು, ಎಲೆ ಪುಡಿಯಾಗಲಿಲ್ಲ. ಅದೇ ಹದ. ಹುಲ್ಲಿನಲ್ಲಿ ನೀರು ನೂರಕ್ಕೆ 15ಕ್ಕಿಂತ ಕಡಿಮೆಯಾಗದೆ ಕಟ್ಟಿಟ್ಟರೆ ಬೂಷ್ಟು ತಪ್ಪದು. ಪ್ಲಾಸ್ಟಿಕ್ ಚೀಲ ಬೇಡ ಎಂದು ಅಜ್ಜಿ ಹಳೆಯ ಗೋಣಿಚೀಲ ತೊಳೆದು ಒಣಗಿಸಿ ಕೊಟ್ಟರು, ನೆಲದ ತೇವ ತಾಗದಂತೆ ಹಲಗೆಯ ಮೇಲಿಡಲು ಹೇಳಿದರು. ಇಲಿ ಬಾರದಂತೆ ನೋಡಿಕೊಳ್ಳುವ ಕೆಲಸ ಬೆಕ್ಕಿನದು.

ಹಾಕುವ ಅಳತೆಗೆ ತಕ್ಕಡಿ ಬೇಡ. ದಿನಕ್ಕೆ ಮೊಲದ ಗಾತ್ರದಷ್ಟೇ ದೊಡ್ಡ ಹುಲ್ಲಿನ ಉಂಡೆ, ಮುಗಿದರೆ ಇನ್ನಷ್ಟು. ಹುಲ್ಲಿಗೆ ಮಿತಿಯಿಲ್ಲ, ಖಾಲಿ ಇರಬಾರದು ಅಷ್ಟೇ. ತುಳಿದು ಒದ್ದೆ ಮಾಡಿದ್ದನ್ನು ಅದು ಮುಟ್ಟುವುದಿಲ್ಲ, ಅದಕ್ಕಾಗಿ ಬುಟ್ಟಿಯೊಂದನ್ನು ಗೂಡಿಗೆ ತೂಗುಹಾಕಿ. ಹೊಸ ಹುಲ್ಲಿಗೆ ಬದಲಾಯಿಸುವಾಗ ಹಳೆಯದರ ಜೊತೆ ಬೆರೆಸುತ್ತ ಏಳೆಂಟು ದಿನ ತೆಗೆದುಕೊಳ್ಳಿ. ಬ್ರೆಡ್ಡು ಬಿಸ್ಕತ್ತಿಗೆ ನಾಲಗೆ ಬಿದ್ದ ಮೊಲ ಮೊದಮೊದಲು ಹುಲ್ಲನ್ನು ಮೂಸಿಯೂ ನೋಡದು. ಆಗ ಗುಳಿಗೆ ಮೇವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ತಗ್ಗಿಸಬೇಕೇ ಹೊರತು ಒಮ್ಮೆಗೇ ಉಪವಾಸ ಕೆಡವಬಾರದು. ನೀರು ಬಟ್ಟಲಲ್ಲಿ ಸದಾ ಇರಲಿ. ಚೈತ್ರ ವೈಶಾಖದಲ್ಲಿ ಇಲ್ಲಿನ ಬಂಡೆಗಳು ಕಾದು ರಾತ್ರಿಯೂ ಸೆಕೆ ಬಿಡುತ್ತವೆ, ಮೊಲ ಬೆವರಿ ತಣಿಯುವ ಜೀವವಲ್ಲ, ಹೆಚ್ಚಾಗಿ ಕಿವಿಯಿಂದಲೇ ಬಿಸಿ ಬಿಡಬಲ್ಲದು. ಸೆಕೆಗೆ ಮೇವು ಬಿಟ್ಟ ಮೊಲದ ಕರುಳು ಬೇಗ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಮೊಲ ಸಾಕಣೆಯ ಬಗ್ಗೆ ನಮ್ಮಲ್ಲಿ ಸಿಗುವ ಕೈಪಿಡಿಗಳಲ್ಲಿ ಬಹಳಷ್ಟು ಮಾಂಸದ ಮೊಲಕ್ಕೆ ಬರೆದವು. ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯೂ ಕೊಡೈಕೆನಾಲ್ ಬೆಟ್ಟದ ಮನ್ನವನೂರಿನ ಅದರ ಕೇಂದ್ರವೂ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾದಂಥ ತಳಿಗಳ ಮೇಲೆ ಒಳ್ಳೆಯ ಕೆಲಸ ಮಾಡಿವೆ. ಅಲ್ಲಿನ ಲೆಕ್ಕ 12 ವಾರಕ್ಕೆ 2 ಕಿಲೋ ತೂಕ ಬರಬೇಕೆಂಬುದು, ಅದಕ್ಕೆ ತಕ್ಕ ಹಿಂಡಿ, ಜೋಳ. ಹತ್ತು ವರ್ಷ ಜೊತೆಗಿರಲಿ ಎಂದು ತಂದ ಮೊಲಕ್ಕೆ ಆ ಲೆಕ್ಕ ಹಾಕಿದರೆ ಹಲ್ಲು, ಹೊಟ್ಟೆ ಎರಡೂ ಬೇಗನೆ ಕೈಕೊಡುತ್ತವೆ.

ಇನ್ನೊಂದು ಮಾತು, ಹಳ್ಳಿಯ ಹುಡುಗರಿಗೆ. ರಾಮದೇವರ ಬೆಟ್ಟದ ಪೊದೆಯಲ್ಲಿ, ಕನಕಪುರದ ಕಾಡಂಚಿನ ಹೊಲದಲ್ಲಿ ಸಿಗುವ ಕಂದು ಮೊಲ ಈ ಸಾಕುಮೊಲದ ಜಾತಿಯೇ ಅಲ್ಲ. ಸಾಕುಮೊಲ ಯುರೋಪಿನ ಬಿಲದ ಮೊಲದ ಸಂತತಿ, ಅದರ ಮರಿ ಮೈಮೇಲೆ ಕೂದಲಿಲ್ಲದೆ ಕುರುಡಾಗಿ ಹುಟ್ಟುತ್ತದೆ. ನಮ್ಮ ಕಾಡುಮೊಲದ ಮರಿ ತುಪ್ಪಟದ ಸಮೇತ ಕಣ್ಣು ಬಿಟ್ಟೇ ಹುಟ್ಟುತ್ತದೆ, ತಾಯಿ ಹಗಲೆಲ್ಲ ದೂರವಿದ್ದು ಕತ್ತಲಲ್ಲಿ ಬಂದು ಹಾಲೂಡುತ್ತದೆ. ಒಂಟಿಯಾಗಿ ಕಂಡಿತೆಂದು ಎತ್ತಿ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕಾಯುತ್ತದೆ, ಮನೆಯಲ್ಲಿ ಸಾಕುವುದು ಅಪರಾಧ.

ಬೀದಿ ಕೊನೆಯ ಮನೆಯ ಮೊಲಕ್ಕೆ ಈಗ ಏಳು ತಿಂಗಳು ತುಂಬಿದೆ. ಕುದುರೆ ಮೆಂತೆ ನಿಂತು ಗರಿಕೆಗೆ ಬಂದಿದೆ, ಜೊತೆಗೆ ಒಂದು ಹಿಡಿ ರಾಗಿ ಹುಲ್ಲು. ಹುಡುಗಿ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಹಿಕ್ಕೆ ನೋಡುತ್ತಾಳೆ. ಒಣಗಿದ್ದು, ಗುಂಡಗಿದ್ದು, ಕಡಲೆಕಾಳಿನ ಗಾತ್ರದ್ದು, ಮುರಿದರೆ ಒಳಗೆ ಹುಲ್ಲಿನ ಎಳೆ ಕಾಣುವಂಥದ್ದು ಇದ್ದರೆ ನಿಶ್ಚಿಂತೆಯಿಂದ ಹೋಗುತ್ತಾಳೆ. ನಿಮ್ಮ ಮನೆಯಲ್ಲಿ ಮೊಲವಿದ್ದರೆ ಇವತ್ತು ಸಂಜೆ ಅದರ ಗೂಡಿನ ಹುಲ್ಲಿನ ನಡುವೆ ಕೈ ತೂರಿಸಿ ಒಂದು ಹಿಡಿ ಹಿರಿದು ಮೂಸಿ ನೋಡಿ. ಹುಲ್ಲೇ ಇಲ್ಲದಿದ್ದರೆ ನಾಳೆ ಇಬ್ಬನಿ ಆರುತ್ತಲೇ ಕುಡುಗೋಲು ಹಿಡಿದು ಬದುವಿಗೆ ಹೋಗಿ.